ಹಪ್ಪಳಕ್ಕೆ ಥಂಡಿ, ವಿಮಾನಕ್ಕೂ ಥಂಡಿ

ಮಳೆ ಹಿಡಿದ ದಿನ ಡಬ್ಬಿಯಿಂದ ಒಂದು ಹಸಿ ಅಕ್ಕಿ ಹಪ್ಪಳ ತೆಗೆದು ಮುರಿದು ನೋಡಿ. ಬೇಸಿಗೆಯಲ್ಲಿ ಪಟ್ಟನೆ ಮುರಿಯುತ್ತಿದ್ದದ್ದು ಈಗ ಸುಮ್ಮನೆ ಬಾಗುತ್ತದೆ. ತುರುವನೂರಿನ ಯಾವ ಅಜ್ಜಿಯನ್ನು ಕೇಳಿದರೂ, "ಥಂಡಿ ಹಿಡಿದೈತೆ, ಬಿಸಿಲಿಗೆ ಹಾಕು ಮಗ" ಅಂತಾರೆ. ಮಾಳಿಗೆ ಮೇಲೆ ಒಂದು ಹೊತ್ತು ಒಣಗಿಸಿದರೆ ಹಪ್ಪಳ ಮತ್ತೆ ಗರಿಗರಿ. ಅಜ್ಜಿಯ ಈ ಮಾತಿನ ಹಿಂದಿರುವ ವಿಜ್ಞಾನ ಗೊತ್ತಿಲ್ಲದೆ ಯಾರೂ ವಿಮಾನದ ರೆಕ್ಕೆ ಮಾಡಲಾರರು.

ಹಪ್ಪಳದಲ್ಲಿರುವುದು ಪಿಷ್ಟ. ಗ್ಲೂಕೋಸಿನ ಪುಟ್ಟ ಅಣುಗಳು ಸಾವಿರಗಟ್ಟಲೆ ಕೊಂಡಿಗಳಾಗಿ ಸೇರಿ ಸರಪಳಿಯಾದರೆ ಅದೇ ಪಿಷ್ಟ. ಇಂಥ ಉದ್ದುದ್ದ ಸರಪಳಿಯ ವಸ್ತುವಿಗೆ ಪಾಲಿಮರ್ ಎನ್ನುತ್ತಾರೆ. ಕುರಿಯ ಉಣ್ಣೆ, ಹತ್ತಿಯ ನೂಲು, ಹೊಲದ ಡ್ರಿಪ್ ಪೈಪು, ನೀರಿನ ಬಾಟಲಿ ಎಲ್ಲವೂ ಪಾಲಿಮರ್‌ಗಳೇ, ಕೊಂಡಿಗಳಷ್ಟೇ ಬೇರೆ. ಒಣಗಿದ್ದಾಗ ಸರಪಳಿಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಗಾಳಿಯ ತೇವದಲ್ಲಿರುವ ನೀರಿನ ಅಣು ಬಲು ಚಿಕ್ಕದು. ಅದು ಸಂದಿಯಲ್ಲಿ ನುಸುಳಿ ಹಿಡಿತ ಸಡಿಲಿಸುತ್ತದೆ, ಸರಪಳಿಗಳು ಜಾರಾಡತೊಡಗುತ್ತವೆ. ಬಿಸಿಲು ನೀರನ್ನು ಹೊರಗೆಳೆದರೆ ಹಿಡಿತ ಮರಳುತ್ತದೆ, ಏಕೆಂದರೆ ಸರಪಳಿ ಎಲ್ಲೂ ತುಂಡಾಗಿರಲಿಲ್ಲ.

ತುಂಡಾಗುವುದೂ ಉಂಟು. ಬಾಟಲಿಯ ಪ್ಲಾಸ್ಟಿಕ್ಕನ್ನೇ ನೋಡಿ. ಅದನ್ನು ಕರಗಿಸಲು 250 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಬೇಕು. ಅಷ್ಟು ಬಿಸಿಯಲ್ಲಿ ಚೂರು ನೀರಿದ್ದರೂ ಸಾಕು, ಅದು ಕೊಂಡಿಗಳನ್ನು ಕತ್ತರಿಸುತ್ತದೆ. ಅದಕ್ಕೇ ಕಾರ್ಖಾನೆಯವರು ಪ್ಲಾಸ್ಟಿಕ್ಕಿನ ಹರಳುಗಳನ್ನು ಗಂಟೆಗಟ್ಟಲೆ ಒಣಗಿಸಿ ಆಮೇಲೆ ಕರಗಿಸುತ್ತಾರೆ. ಹೀಗೆ ಕತ್ತರಿಸಿಹೋದ ಸರಪಳಿಯನ್ನು ಬಿಸಿಲಿಗೆ ಹಾಕಿದರೆ ಕೂಡಿಕೊಳ್ಳುವುದಿಲ್ಲ. ಹಾಗೆಂದು ನಿಮ್ಮ ಶಾಲೆಯ ಬಾಟಲಿ ನಾಳೆಯೇ ಕರಗೀತೆಂದು ಹೆದರಬೇಡಿ. ತಣ್ಣಗಿರುವಾಗ ಈ ಕತ್ತರಿ ತೀರ ನಿಧಾನ. ಬಿಸಿ 10 ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅಂದರೆ ಬಾಗಿಲು ತೆರೆಯುವುದು ನೀರಾದರೂ, ಕೆಲಸದ ವೇಗ ಬಿಸಿಯ ಕೈಯಲ್ಲಿದೆ. (ಡ್ರಿಪ್ ಪೈಪಿನ ಕಥೆ ಬೇರೆ. ಅದು ನೀರನ್ನು ಹೀರುವುದೇ ಇಲ್ಲವೆನ್ನಬೇಕು. ಬಿಸಿಲಿನ ನೇರಳಾತೀತ ಕಿರಣವೂ ಆಮ್ಲಜನಕವೂ ಅದರ ವೈರಿಗಳು. ಆ ಕಿರಣಗಳನ್ನು ತಡೆಯಲೆಂದೇ ಅದಕ್ಕೆ ಕಪ್ಪು ಇಂಗಾಲದ ಪುಡಿ ಬೆರೆಸುವುದು.)

ತುರುವನೂರಿನಿಂದ ಚಿತ್ರದುರ್ಗಕ್ಕೆ ಹೋದವರು ಜೋಗಿಮಟ್ಟಿ ಗುಡ್ಡಗಳ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ಆ ಉದ್ದನೆಯ ರೆಕ್ಕೆಗಳು ಕಬ್ಬಿಣದವಲ್ಲ. ಗಾಜಿನ ಎಳೆಗಳನ್ನು ಎಪಾಕ್ಸಿಯಂಥ ಅಂಟಿನಲ್ಲಿ ಅದ್ದಿ ಗಟ್ಟಿ ಮಾಡಿದವು. ಎರಡು ವಸ್ತು ಕೂಡಿ ಒಂದಾದ ಇದು ಕಾಂಪೋಸಿಟ್. ನಮ್ಮ ಕಡೆಯ ಹಳೇ ಮನೆಗಳಲ್ಲಿ ಮಣ್ಣಿಗೆ ಹುಲ್ಲು ಕಲಸಿ ಎಬ್ಬಿಸಿದ ಗೋಡೆಯೂ ಕಾಂಪೋಸಿಟ್ಟೇ!

ತೊಂದರೆ ಶುರುವಾಗುವುದು ಈ ಕೂಡಿಕೆಯಲ್ಲೇ. ಎಪಾಕ್ಸಿ ನೀರು ಹೀರುತ್ತದೆ, 100 ಗ್ರಾಮಿಗೆ ಒಂದರಿಂದ ಐದು ಗ್ರಾಂ ತನಕ. ಹೀರಿ ಉಬ್ಬುತ್ತದೆ. ಗಾಜಿನ ಎಳೆಯಾಗಲಿ ವಿಮಾನಗಳಲ್ಲಿ ಬಳಸುವ ಕಾರ್ಬನ್ ಎಳೆಯಾಗಲಿ ಉಬ್ಬುವುದಿಲ್ಲ. ಒಂದು ಹಿಗ್ಗಿ ಇನ್ನೊಂದು ಹಾಗೇ ಇದ್ದರೆ ಎಳೆದಾಟ ನಡೆಯುವುದು ಅವೆರಡರ ಅಂಚಿನಲ್ಲಿ. ಮಳೆ, ಬಿಸಿಲು, ಮತ್ತೆ ಮಳೆ ಎಂದು ಉಬ್ಬಿ ಕುಗ್ಗಿ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಆ ಬಿರುಕಿನಲ್ಲಿ ಇನ್ನಷ್ಟು ನೀರು. ಅಷ್ಟೇ ಅಲ್ಲ, ಪ್ರತಿ ಎಪಾಕ್ಸಿಗೂ ಇಷ್ಟು ಬಿಸಿಯಾದರೆ ಮೆತ್ತಗಾಗುತ್ತೇನೆ ಎಂಬ ಒಂದು ಗಡಿ ಇರುತ್ತದೆ. ಶೇಕಡಾ 1ರಷ್ಟು ನೀರು ಹೊಕ್ಕರೆ ಆ ಗಡಿ ಹತ್ತರಿಂದ ಇಪ್ಪತ್ತು ಡಿಗ್ರಿ ಕೆಳಗಿಳಿಯಬಹುದು. ನಮ್ಮ ಹಪ್ಪಳಕ್ಕೆ ಆಗಿದ್ದೂ ಇದೇ ತಾನೆ?

ದಪ್ಪಗಿದ್ದರೆ ಒಂದು ಲಾಭವಿದೆ. ದಪ್ಪ ಎರಡು ಪಟ್ಟಾದರೆ ನೀರು ಒಳತನಕ ತಲುಪಲು ನಾಲ್ಕು ಪಟ್ಟು ಸಮಯ ಬೇಕು.

ಇದನ್ನೆಲ್ಲ ಅಳೆಯುವುದು ಹೇಗೆ? 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಬೆಂಗಳೂರಿನಲ್ಲಿದೆ, ಎನ್‌ಎಎಲ್ ಎನ್ನುತ್ತಾರೆ. 2001ರ ಜನವರಿ 4ರಂದು ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನದ ಬಾಲದ ನೆಟ್ಟಗಿನ ರೆಕ್ಕೆಯನ್ನು ಕಾರ್ಬನ್ ಕಾಂಪೋಸಿಟ್ಟಿನಲ್ಲಿ ಮಾಡಿದ್ದು ಅಲ್ಲೇ. ಇಂಥ ವಸ್ತುವಿನ ತುಂಡುಗಳನ್ನು ವಿಮಾನ ಕಟ್ಟುವವರು ಸಾಮಾನ್ಯವಾಗಿ 70 ಡಿಗ್ರಿ ಬಿಸಿ, ಶೇಕಡಾ 85 ತೇವವಿರುವ ಪೆಟ್ಟಿಗೆಯಲ್ಲಿಟ್ಟು ಆಗಾಗ ತೂಗುತ್ತಾರೆ. ತೂಕ ಏರುವುದು ನಿಂತ ದಿನ, ಹೀರುವಷ್ಟು ಹೀರಿಯಾಯಿತೆಂದು ಲೆಕ್ಕ. ಆಮೇಲೆ ಅದನ್ನು ಬಿಸಿಬಿಸಿಯಾಗಿಯೇ ಎಳೆದು, ಒತ್ತಿ, ಬಾಗಿಸಿ ಮುರಿಯುತ್ತಾರೆ. ವರ್ಷಗಳ ಥಂಡಿ ಕೆಲವು ವಾರಗಳಲ್ಲೋ ತಿಂಗಳಲ್ಲೋ ಹಿಡಿಯುತ್ತದೆ. ಹಾಗಾದರೆ 150 ಡಿಗ್ರಿಗೆ ಇಟ್ಟು ಎರಡೇ ದಿನದಲ್ಲಿ ಮುಗಿಸಬಾರದೇಕೆ ಎಂದು ಕೇಳುವ ಜಾಣರೂ ನಿಮ್ಮಲ್ಲಿದ್ದಾರು. ಆ ಮೆತ್ತಗಾಗುವ ಗಡಿ ದಾಟಿದರೆ ನಿಜ ಜೀವನದಲ್ಲಿ ಎಂದೂ ಆಗದ ಕೆಡುಕುಗಳು ಆಗತೊಡಗುತ್ತವೆ. ಬರುವ ಉತ್ತರ ಸುಳ್ಳು.

ತೂಗುವ ಕೆಲಸ ನೀವೂ ಮಾಡಬಹುದು. ಮಳೆಯ ದಿನ ಒಂದು ಕಟ್ಟು ಹಪ್ಪಳವನ್ನು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳಿ. ಚೆನ್ನಾಗಿ ಒಣಗಿಸಿ ಮತ್ತೆ ತೂಗಿ. ಕಡಿಮೆಯಾದ ಗ್ರಾಮುಗಳೆಲ್ಲ ಹೊರಟುಹೋದ ನೀರು. ದಾರಿಯಲ್ಲಿ ಯಾರೂ ಹಪ್ಪಳ ತಿನ್ನದಿದ್ದರೆ ಮಾತ್ರ!

ನಮ್ಮ ಜಿಲ್ಲೆಯಲ್ಲೇ ಚಳ್ಳಕೆರೆ ಹತ್ತಿರ 2017ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ಪೈಲಟ್ ಇಲ್ಲದ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. ಅಂಥ ವಿಮಾನಗಳ ಮೈಯೂ ಬಹುಪಾಲು ಕಾಂಪೋಸಿಟ್. ಆದರೆ ಬಯಲು ಸೀಮೆಯ ಒಣ ಗಾಳಿಯಲ್ಲಿ ಚೆನ್ನಾಗಿ ಹಾರಿದರೆ ಸಾಲದು. ಅದೇ ವಿಮಾನ ನಾಳೆ ಕರಾವಳಿಯ ಜಿಗುಟು ಸೆಕೆಯಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾದೀತು. ಆದ್ದರಿಂದ ಅದರ ರೆಕ್ಕೆ ಎಷ್ಟು ದಪ್ಪ ಇರಬೇಕೆಂದು ಲೆಕ್ಕ ಹಾಕುವಾಗ ಎಂಜಿನಿಯರುಗಳು ಹಿಡಿಯುವುದು ಒಣಗಿದ ತುಂಡಿನ ಬಲವನ್ನಲ್ಲ, ಬಿಸಿಯಲ್ಲಿ ನೀರು ಕುಡಿದು ಸೋತ ತುಂಡಿನ ಬಲವನ್ನು.