ಗಣಕಯಂತ್ರ ಹಾಕಿಕೊಡುವ ಉಳಿಯ ಹಾದಿ



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಶಾಲಾ ಕಾಲೇಜುಗಳಲ್ಲಿ ಓದುತ್ತಿರುವ ನಿಮ್ಮಲ್ಲಿ ಹಲವರು ಡಂಬಳದ ದೊಡ್ಡಬಸಪ್ಪ ಗುಡಿಯನ್ನು ನೋಡಿರಬಹುದು. ಮುಂಡರಗಿ ತಾಲ್ಲೂಕಿನ ಈ ಗುಡಿ ಹನ್ನೆರಡನೆಯ ಶತಮಾನದ್ದು. ಅದರ ಗರ್ಭಗುಡಿಯ ಹೊರಗೋಡೆಯ ತಳವಿನ್ಯಾಸ 24 ಮೊನೆಗಳ ನಕ್ಷತ್ರ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ, ಒಟ್ಟು ಆರು ಚೌಕಗಳನ್ನು ಒಂದರ ಮೇಲೊಂದು ಬರೆದರೆ ಇಂಥ ನಕ್ಷತ್ರ ಸಿಗುತ್ತದೆ. ಇದೇ ಆಕಾರವನ್ನು ಅಲ್ಯೂಮಿನಿಯಂ ತಟ್ಟೆಯಲ್ಲಿ ಗಣಕ ನಿಯಂತ್ರಿತ ಯಂತ್ರ, ಅಂದರೆ ಸಿ.ಎನ್.ಸಿ. ಯಂತ್ರ, ಕತ್ತರಿಸಬೇಕಾದರೆ ಏನೇನು ನಡೆಯಬೇಕು ಎಂಬುದನ್ನು ಈಗ ನೋಡೋಣ.

ಶಿಲ್ಪಿಯ ಉಳಿಗೆ ಮೊನೆಯಿದೆ. ಯಂತ್ರದ ಟೂಲ್ ಹಾಗಲ್ಲ. ಅದು ಗರಗರನೆ ತಿರುಗುವ ಉರುಳೆ, ಅದಕ್ಕೊಂದು ದಪ್ಪವಿದೆ. ಯಂತ್ರವು ನಡೆಸುವುದು ಈ ಟೂಲಿನ ನಡುಬಿಂದುವನ್ನು. 100 ಮಿ.ಮೀ. ಚೌಕದ ಹೊರ ಅಂಚನ್ನು 10 ಮಿ.ಮೀ. ವ್ಯಾಸದ ಟೂಲಿನಿಂದ ಕತ್ತರಿಸುವಾಗ ನಡುಬಿಂದು ಎಲ್ಲ ಕಡೆಯೂ 5 ಮಿ.ಮೀ. ಹೊರಗೆ ಸರಿದು ನಡೆಯಬೇಕು. ಚೌಕಕ್ಕಾದರೆ ಈ ಲೆಕ್ಕ ನೀವೇ ಬಾಯಲ್ಲಿ ಹೇಳಬಲ್ಲಿರಿ. ನಮ್ಮ ನಕ್ಷತ್ರಕ್ಕೆ 24 ಮೊನೆಗಳು, ಅವುಗಳ ನಡುವೆ 24 ತಗ್ಗುಗಳು. ಮೊನೆಯ ಕೋನ 90 ಡಿಗ್ರಿ, ತಗ್ಗಿನದು 105 ಡಿಗ್ರಿ. ತಗ್ಗಿಗೆ ಬಂದಾಗ ಟೂಲು ಒಂದು ಅಂಚನ್ನು ಕೊನೆಯವರೆಗೂ ಹಿಂಬಾಲಿಸಿದರೆ ಎದುರಿನ ಅಂಚನ್ನು ಕೊರೆದುಬಿಡುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ಮೊದಲೇ ಎಣಿಸಿ ಕೊಡುವುದೇ ಟೂಲಿನ ಹಾದಿ ಹಾಕುವ ತಂತ್ರಾಂಶದ ಕೆಲಸ.

ಮನೆಯಲ್ಲೇ ಇದನ್ನು ಮಾಡಿ ನೋಡಬಹುದು. ದಪ್ಪ ರಟ್ಟಿನಲ್ಲಿ 30 ಸೆಂ.ಮೀ. ಚೌಕಗಳಿಂದ ಈ ನಕ್ಷತ್ರವನ್ನು ಕತ್ತರಿಸಿ ಹಾಳೆಯ ಮೇಲಿಡಿ. ನೀರಿನ ಬಾಟಲಿಯ ಮುಚ್ಚಳದ ನಡುವೆ ತೂತು ಮಾಡಿ, ಪೆನ್ಸಿಲ್ ತೂರಿಸಿ, ಮುಚ್ಚಳವನ್ನು ರಟ್ಟಿಗೆ ತಾಗಿಸಿಕೊಂಡೇ ಸುತ್ತ ನಡೆಸಿ. ಹಾಳೆಯ ಮೇಲೆ ಮೂಡುವ ಗೆರೆಯೇ ಟೂಲಿನ ಹಾದಿ. ತಗ್ಗುಗಳ ಬುಡಕ್ಕೆ ಮುಚ್ಚಳ ಮುಟ್ಟುವುದೇ ಇಲ್ಲವೆಂಬುದನ್ನು ಗಮನಿಸಿ. ನಿಜವಾದ ಯಂತ್ರದಲ್ಲೂ ಹೀಗೆಯೇ: 6 ಮಿ.ಮೀ. ವ್ಯಾಸದ ಟೂಲು ಪ್ರತಿ ತಗ್ಗಿನ ಮೂಲೆಯಲ್ಲೂ ಸುಮಾರು 0.8 ಮಿ.ಮೀ. ಲೋಹವನ್ನು ಬಿಟ್ಟೇ ಬಿಡುತ್ತದೆ. 2 ಮಿ.ಮೀ. ಟೂಲು ಹಾಕಿದರೆ ಉಳಿಯುವುದು 0.26 ಮಿ.ಮೀ. ಆದರೆ ಸಣ್ಣ ಟೂಲು ಬೇಗ ಮುರಿಯುತ್ತದೆ, ಕೆಲಸವೂ ನಿಧಾನ. ಆದ್ದರಿಂದ ದಪ್ಪ ಟೂಲಿನಿಂದ ಹೆಚ್ಚಿನ ಲೋಹ ತೆಗೆದು, ಮಿಕ್ಕಿದ್ದಕ್ಕೆ ಮಾತ್ರ ಸಣ್ಣದನ್ನು ಕಳಿಸುವುದು ವಾಡಿಕೆ. ಪೂರ್ತಿ ಚೂಪಾದ ಒಳಮೂಲೆ ಮಾತ್ರ ತಿರುಗುವ ಟೂಲಿಗೆ ಎಂದೂ ಸಾಧ್ಯವಿಲ್ಲ. ಈ ಒಂದು ವಿಷಯದಲ್ಲಿ ಡಂಬಳದ ಶಿಲ್ಪಿಯೇ ಮುಂದು ಎಂದು ನನಗನ್ನಿಸುತ್ತದೆ.

ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1952ರಲ್ಲಿ, ರಂಧ್ರ ಕೊರೆದ ಪಟ್ಟಿಯಿಂದ ಅಪ್ಪಣೆ ಪಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದರು. ಒಂದೊಂದು ಬಿಂದುವನ್ನೂ ಕೈಯಿಂದ ಎಣಿಸುವುದೇ ಆಗ ದೊಡ್ಡ ಶ್ರಮವಾಗಿತ್ತು. ಅದನ್ನು ಗಣಕಕ್ಕೆ ವಹಿಸುವ ಎ.ಪಿ.ಟಿ. ಭಾಷೆಯನ್ನು ಡಗ್ಲಾಸ್ ರಾಸ್ ಮತ್ತು ಸಂಗಡಿಗರು ರೂಪಿಸಿ 1959ರಲ್ಲಿ ಲೋಕಕ್ಕೆ ತೋರಿಸಿದರು. ಆ ದಿನದ ನೆನಪಿಗೆ ಹಂಚಿದ್ದು ಅದೇ ಕ್ರಮದಲ್ಲಿ ಕೆತ್ತಿದ ಅಲ್ಯೂಮಿನಿಯಂ ಆಷ್-ಟ್ರೇಗಳನ್ನು! ನಮ್ಮ ಬೆಂಗಳೂರಿನಲ್ಲಿ 1953ರಲ್ಲಿ ಎಚ್.ಎಂ.ಟಿ. ಕಾರ್ಖಾನೆ ಹುಟ್ಟಿ ಯಂತ್ರೋಪಕರಣಗಳ ದೊಡ್ಡ ಪರಂಪರೆಯೇ ಬೆಳೆಯಿತು. ಇಂಥ ತಂತ್ರಾಂಶವನ್ನು ಅದೇ ಊರಿನ ಕ್ಯಾಡೆಮ್ ಸಂಸ್ಥೆಯೂ ತಯಾರಿಸಿದೆ.

ಇನ್ನು ಹಾದಿಯ ಪರೀಕ್ಷೆ. ಯಂತ್ರಕ್ಕೆ ಕಣ್ಣಿಲ್ಲ. 'ಜಿ 00' ಎಂದರೆ ಅದು ತನ್ನ ಪೂರ್ಣ ವೇಗದಲ್ಲಿ ಓಡುತ್ತದೆ. ನಿಮಿಷಕ್ಕೆ 24 ಮೀಟರ್ ವೇಗವೆಂದರೆ ಸೆಕೆಂಡಿಗೆ 40 ಸೆಂ.ಮೀ. ದಾರಿಯಲ್ಲಿ ತಟ್ಟೆಯನ್ನು ಬಿಗಿದ ಕ್ಲ್ಯಾಂಪ್ ಇದ್ದರೆ, ನಿಂತವನು ಕೆಂಪು ಗುಂಡಿ ಒತ್ತುವಷ್ಟರಲ್ಲಿ ಟೂಲು ಮುರಿದಿರುತ್ತದೆ. ಸ್ಪಿಂಡಲ್ ಕೂಡ ಕೆಡಬಹುದು, ಸಿಡಿದ ಚೂರು ಮನುಷ್ಯನಿಗೂ ತಗಲಬಹುದು. ಅದಕ್ಕಾಗಿ ತಂತ್ರಾಂಶವು ಇಡೀ ಕೆಲಸವನ್ನು ಮೊದಲು ಪರದೆಯ ಮೇಲೆ ನಡೆಸಿ, ಲೋಹ ಕರಗುತ್ತ ಹೋಗುವುದನ್ನು ತೋರಿಸುತ್ತದೆ. ಬೇಡದ ಕಡೆ ಕೊರೆದರೆ, ಟೂಲಿನ ಹಿಡಿ ಎಲ್ಲಾದರೂ ತಗಲಿದರೆ ಎಚ್ಚರಿಸುತ್ತದೆ.

ಆದರೆ ತಂತ್ರಾಂಶಕ್ಕೆ ಗೊತ್ತಿರುವುದು ನಾವು ತಿಳಿಸಿದ್ದಷ್ಟೆ. ಕ್ಲ್ಯಾಂಪನ್ನು ಚಿತ್ರದಲ್ಲಿ ಸೇರಿಸದಿದ್ದರೆ ಪರದೆಯ ಮೇಲೆ ಡಿಕ್ಕಿಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ತಟ್ಟೆಯ ಸೊನ್ನೆ ಬಿಂದುವನ್ನು ಯಂತ್ರದ ಮೇಲೆ ತಪ್ಪಾಗಿ ಗುರುತಿಸಿದ್ದರೆ, ಪರದೆಯ ಮೇಲೆ ಸರಿಯಾಗಿದ್ದ ಹಾದಿಯೇ ಅಲ್ಲಿ ಅಪಾಯದ ಹಾದಿಯಾಗುತ್ತದೆ. ಕೆಲವು ನಿಯಂತ್ರಕಗಳಲ್ಲಿ 'ಎಕ್ಸ್ 100' ಎಂದು ದಶಮಾಂಶ ಚುಕ್ಕೆಯಿಲ್ಲದೆ ಬರೆದರೆ 100 ಮಿ.ಮೀ. ಅಲ್ಲ, 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಎಂದೇ ಅದು ಓದುತ್ತದೆ! ಪರದೆಯಲ್ಲಿ ಎಲ್ಲ ಸರಿಯಿದ್ದರೂ ಅನುಭವಿ ಕೆಲಸಗಾರರು ಮೊದಲ ಸಲ ಟೂಲನ್ನು ತಟ್ಟೆಯಿಂದ ಮೇಲೆತ್ತಿ ಗಾಳಿಯಲ್ಲೇ ಓಡಿಸುತ್ತಾರೆ. ಆಮೇಲೆ ವೇಗವನ್ನು ತಗ್ಗಿಸಿ, ಒಂದೊಂದು ಸಾಲಿಗೂ ಗುಂಡಿ ಒತ್ತುತ್ತ, ಇನ್ನೊಂದು ಕೈಯನ್ನು ನಿಲ್ಲಿಸುವ ಗುಂಡಿಯ ಹತ್ತಿರವೇ ಇಟ್ಟುಕೊಂಡು ಮೊದಲ ತಟ್ಟೆಯನ್ನು ಕತ್ತರಿಸುತ್ತಾರೆ.