ಹೂಳಿಗೂ ಒಂದು ಲೆಕ್ಕ ಬೇಕು



ಹೊಸಪೇಟೆಯಲ್ಲಿ ಸಭೆ ಸೇರಿ ತುಂಗಭದ್ರೆಯ ಮಾತಾಡದಿದ್ದರೆ ಹೇಗೆ? 1953ರಲ್ಲಿ ನೀರು ನಿಲ್ಲಿಸತೊಡಗಿದಾಗ ಇಲ್ಲಿಯ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. 2016ರ ಸರ್ವೆಯಲ್ಲಿ ಅದು 105.788ಕ್ಕೆ ಇಳಿದಿತ್ತು. 2008ರ ಸರ್ವೆ 100.855 ಎಂದಿತ್ತು. ನಡುವಿನ ಎಂಟು ವರ್ಷದಲ್ಲಿ ಹೂಳು ತಾನಾಗಿ ಎದ್ದು ಹೋಗಿರಲಾರದು. ನಮ್ಮ ಅಳತೆಗಳಲ್ಲಿ ಅಷ್ಟು ಏರುಪೇರು ಇದೆ ಎಂದು ತಿಳಿಯಬೇಕು. ಹೇಗೆ ಅಳೆದರೂ ಕಳೆದುಕೊಂಡದ್ದು 27 ಟಿಎಂಸಿಗೆ ಕಡಿಮೆಯಿಲ್ಲ, ಅಂದರೆ ಕನ್ನಂಬಾಡಿ ಕಟ್ಟೆಯ ಅರ್ಧಕ್ಕೂ ಮಿಕ್ಕಿ.

ಪ್ರತಿ ವರ್ಷ ಯಾರಾದರೊಬ್ಬರು ಎದ್ದು ನಿಂತು "ಹೂಳೆತ್ತಿ" ಎನ್ನುತ್ತಾರೆ. ಲೆಕ್ಕ ಹಾಕೋಣ. 27 ಟಿಎಂಸಿ ಎಂದರೆ 76 ಕೋಟಿ ಘನ ಮೀಟರ್. ಒಂದು ಟಿಪ್ಪರಿಗೆ 10 ಘನ ಮೀಟರಿನಂತೆ ದಿನಕ್ಕೆ ಸಾವಿರ ಲೋಡ್, ಹಬ್ಬ ಹರಿದಿನವೆನ್ನದೆ ಹೊಡೆದರೂ ಇನ್ನೂರು ವರ್ಷ ದಾಟುತ್ತದೆ. ಅಷ್ಟರಲ್ಲಿ ಹೊಸ ಹೂಳು ಬಂದಿರುತ್ತದೆ. ಎತ್ತಿದ್ದನ್ನು ಸುರಿಯುವುದಾದರೂ ಎಲ್ಲಿ? ಆದ್ದರಿಂದ ಕೇಳಬೇಕಾದದ್ದು ಬೇರೆ: ಈ ಮಣ್ಣು ಯಾರ ಹೊಲದ್ದು, ಯಾವ ಗುಡ್ಡದ್ದು, ಅಲ್ಲಿಂದ ಏಕೆ ಹೊರಟಿತು?

ಅಣೆಕಟ್ಟಿನ ಹಿಂದೆ 28,000 ಚದರ ಕಿಲೋಮೀಟರಿಗೂ ಹೆಚ್ಚಿನ ಜಲಾನಯನವಿದೆ. ಅದರ ತುದಿ ಗಂಗಾಮೂಲದ ಕಾಡು. ಅಲ್ಲಿಂದ ಇಳಿಯುತ್ತ ಬಂದರೆ ಮಲೆನಾಡಿನ ಗದ್ದೆಬಯಲು, ಆಮೇಲೆ ವರದಾ, ಕುಮುದ್ವತಿ, ಹರಿದ್ರಾ ಹರಿಯುವ ಬಯಲುಸೀಮೆಯ ಹೊಲಗಳು. ಭತ್ತದ ಗದ್ದೆಯೆಂದರೆ ಬದುಗಳ ನಡುವೆ ನಿಂತ ನೀರು. ಮಳೆ ಬಿದ್ದಷ್ಟನ್ನೂ ಅದು ಒಮ್ಮೆಲೇ ಹೊಳೆಗೆ ಬಿಡುವುದಿಲ್ಲ. ಆ ಗದ್ದೆ ಅಡಿಕೆ ತೋಟವಾಯಿತೆನ್ನಿ: ನೀರು ನಿಂತರೆ ಬೇರು ಕೊಳೆಯುತ್ತದೆಂದು ಬಸಿಗಾಲುವೆ ತೋಡಬೇಕು. ಬಿದ್ದ ಮಳೆ ಗಂಟೆಗಳಲ್ಲೇ ಹಳ್ಳ ಸೇರುತ್ತದೆ. ಇಳಿಜಾರಿನಲ್ಲಿ ಶುಂಠಿ ಹಾಕಿದರೆ ಮಣ್ಣು ಸಡಿಲಗೊಂಡು ಮಳೆಗೆ ಮೈಯೊಡ್ಡುತ್ತದೆ. ಇತ್ತ ಹಾವೇರಿ, ದಾವಣಗೆರೆಗಳಲ್ಲಿ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. ಮುಂಗಾರಿನ ಮೊದಲ ದೊಡ್ಡ ಮಳೆ ಬೀಳುವಾಗ ಉತ್ತ ಹೊಲ ಇನ್ನೂ ಬರಿದು. ರೈತನನ್ನು ದೂರುತ್ತಿಲ್ಲ, ಭತ್ತ ಅವನ ಹೊಟ್ಟೆ ತುಂಬಿಸಲಿಲ್ಲ, ಅಡಿಕೆ ತುಂಬಿಸಿತು.

ಗಣಿಯ ಮಾತು ಬಾರದೆ ಇರುವುದಿಲ್ಲ. ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಆದರೆ ಅಲ್ಲಿಂದ ಇಳಿದ ಮಣ್ಣಿಗೆ ಮೊದಲು ಸಿಕ್ಕುವುದು ಲಕ್ಕವಳ್ಳಿಯ ಭದ್ರಾ ಜಲಾಶಯ. ನಮ್ಮ ಹೂಳನ್ನೆಲ್ಲ ಆ ಗಣಿಯ ತಲೆಗೆ ಕಟ್ಟಿದರೆ ವರದೆಯ ಹೊಲಗಳತ್ತ ನೋಡುವ ಕಷ್ಟ ತಪ್ಪುತ್ತದೆ, ಅಷ್ಟೆ.

ಇದರ ಮೇಲೆ ಮಳೆಯ ಸ್ವಭಾವವೇ ಬದಲಾಗಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. 1950ರಿಂದ 2015ರವರೆಗೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾದವೆಂದು ಪುಣೆಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ಹೊಳೆಯ ಹರಿವು ಎರಡು ಪಟ್ಟಾದಾಗ ಅದು ಹೊತ್ತು ತರುವ ಮಣ್ಣು ಎರಡು ಪಟ್ಟಿಗೆ ನಿಲ್ಲುವುದಿಲ್ಲ, ಇನ್ನೂ ಮೀರುತ್ತದೆ. ವರ್ಷದ ಹೂಳಿನ ಬಹುಪಾಲು ಬರುವುದು ನಾಲ್ಕಾರು ದಿನಗಳ ನೆರೆಯಲ್ಲಿ. ಗುಡ್ಡವೇ ಕುಸಿದರಂತೂ ಲೆಕ್ಕವೇ ಬೇರೆ. 2018ರ ಆಗಸ್ಟ್‌ನಲ್ಲಿ ಕೊಡಗು ಕಂಡಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡದ ಮಣ್ಣು ಹೆದ್ದಾರಿ ದಾಟಿ ಗಂಗಾವಳಿಗೆ ಬಿತ್ತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ನೆರೆಗೆ ಮಳೆ ಎಷ್ಟು ಕಾರಣವೋ ಮಣ್ಣೂ ಅಷ್ಟೇ ಕಾರಣವಾಗಬಲ್ಲದು.

ಜಲಾಶಯ ಕಿರಿದಾದರೆ ಬೇಗ ತುಂಬುತ್ತದೆ. ತುಂಬಿದ ಮೇಲೆ ಬಂದ ನೆರೆಯನ್ನು ತಡೆದು ನಿಲ್ಲಿಸಲು ಜಾಗವಿಲ್ಲ. ಕ್ರೆಸ್ಟ್ ಗೇಟ್ ಎತ್ತಲೇಬೇಕು. ಹಂಪಿಯ ಪುರಂದರದಾಸರ ಮಂಟಪ, ಕಂಪ್ಲಿಯ ಸೇತುವೆ ಮುಳುಗುತ್ತವೆ. ಅದೇ ಬೇಸಿಗೆಯಲ್ಲಿ ಎರಡನೇ ಬೆಳೆಗೆ ನೀರಿಲ್ಲವೆಂದು ಕಾಲುವೆಯ ಕೊನೆಯ ರೈತ ರಸ್ತೆಗಿಳಿಯುತ್ತಾನೆ. ಅತ್ತ ಸಮುದ್ರದಂಚಿನಲ್ಲಿ ಕೃಷ್ಣೆಯ ಮುಖಜಭೂಮಿ, ಮೇಲಿನ ಅಣೆಕಟ್ಟುಗಳಲ್ಲೆಲ್ಲ ಮಣ್ಣು ಉಳಿದುಹೋದದ್ದರಿಂದ, ಅಲೆಗೆ ಸವೆಯುತ್ತಿದೆ.

ಕಳೆದುಹೋದ ನೀರಿಗೆ ಬದಲಾಗಿ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವವಿದೆ. ಅದನ್ನು ನಾನು ವಿರೋಧಿಸುವುದಿಲ್ಲ. ಆದರೆ ಅದಕ್ಕೆ ತೆಗೆದಿಡುವ ಹಣದಲ್ಲಿ ಒಂದು ಪಾಲು ಮೇಲ್ದಂಡೆಯ ಬದುಗಳಿಗೆ, ಹಳ್ಳದ ಅಂಚಿನ ಗಿಡಮರಗಳಿಗೆ ಹೋಗಬೇಕು. ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ರೈತನಿಗೆ ಎಕರೆಗೆ ಇಷ್ಟೆಂದು ಸಿಗಬೇಕು. ಅವನು ಹಿಡಿದಿಟ್ಟ ಮಣ್ಣಿನ ಲಾಭ ಕೆಳಗಿನ ನಮಗೇ ತಾನೆ? ಒಳಹರಿವಿನ ಕ್ಯೂಸೆಕ್ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಅದರ ಪಕ್ಕದಲ್ಲೇ ವರದೆ ಎಷ್ಟು ಟನ್ ಮಣ್ಣು ತಂದಳು, ಕುಮುದ್ವತಿ ಎಷ್ಟು ತಂದಳು ಎಂಬುದೂ ಅಚ್ಚಾಗಲಿ. ಇಂದಿನ ಮೊದಲ ಗೋಷ್ಠಿಯಲ್ಲಿ ಈ ಅಳತೆಯ ಖರ್ಚನ್ನು ಯಾರು ಹೊರಬೇಕೆಂಬುದನ್ನು ಚರ್ಚಿಸಿ, ಸಂಜೆಯೊಳಗೆ ಒಂದು ನಿರ್ಣಯ ಬರೆದು ನನ್ನ ಕೈಗೆ ಕೊಡಿ.