ದೂರದಿಂದ ಹಿರಿಯರ ಲೆಕ್ಕ ತಿಳಿಯುವುದು



ಹಾಸನದಲ್ಲೋ ಶಿರಸಿಯಲ್ಲೋ ಎಪ್ಪತ್ತೈದು ದಾಟಿದ ತಾಯಿ ಒಬ್ಬರೇ ಇದ್ದಾರೆ. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ. ನೀರಿನ ಬಿಲ್ಲು ಎರಡು ಬಾರಿ ಕಟ್ಟಿಲ್ಲವೆಂದು ಪಕ್ಕದ ಮನೆಯವರಿಂದ ತಿಳಿಯುತ್ತದೆ. ತಾಯಿಗೆ ಮರೆವು ಬಂದಿತೇ, ಅಥವಾ ಬಿಲ್ಲಿನ ಚೀಟಿ ಗೇಟಿನಿಂದ ಗಾಳಿಗೆ ಹಾರಿಹೋಯಿತೇ? ಫೋನಿನಲ್ಲಿ ಇದನ್ನು ತಿಳಿಯುವುದು ಹೇಗೆ? ಇಂಥ ಸಂಸಾರ ನಿಮ್ಮ ಬೀದಿಯಲ್ಲೂ ಇರಬಹುದು.

ಪ್ರಶ್ನೆ ಸಣ್ಣದಲ್ಲ. ಅಮೆರಿಕದಲ್ಲಿ ಒಂಟಿಯಾಗಿ ಬಾಳುವ ವೃದ್ಧರ ಪಾವತಿ ದಾಖಲೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮುಂದೆ ಡಿಮೆನ್ಷಿಯಾ, ಅಂದರೆ ಮರೆಗುಳಿತನದ ಕಾಯಿಲೆ, ಇದೆಯೆಂದು ಗೊತ್ತಾದವರಲ್ಲಿ ಕಂತಿನ ಗಡುವು ತಪ್ಪುವುದು ಅದಕ್ಕೆ 6 ವರ್ಷ ಮೊದಲೇ ಹೆಚ್ಚಾಗಿ ಕಂಡುಬಂದಿತ್ತು. ಹಾಗೆಂದು ಬಿಲ್ಲು ತಪ್ಪಿಸಿದವರೆಲ್ಲ ರೋಗಿಗಳಲ್ಲ. ಹಾಗಾದರೆ ಅರ್ಧ ಊರೇ ಆಸ್ಪತ್ರೆಯಲ್ಲಿರಬೇಕಾದೀತು.

ಇದನ್ನು ಅಳೆಯಲು ಅಲಬಾಮಾದ ಡೇನಿಯಲ್ ಮಾರ್ಸನ್ ಮತ್ತು ಸಂಗಡಿಗರು ಒಂದು ಪರೀಕ್ಷೆಯನ್ನು ರೂಪಿಸಿ 2000ದಲ್ಲಿ ಪ್ರಕಟಿಸಿದರು. ನಾಣ್ಯ ಗುರುತಿಸಿ ಎಣಿಸುವುದು, ಚಿಲ್ಲರೆ ಲೆಕ್ಕ, ಚೆಕ್ ಬರೆಯುವುದು, ಬ್ಯಾಂಕಿನ ಲೆಕ್ಕಪಟ್ಟಿ ಓದುವುದು, ಮೋಸದ ಕೊಡುಗೆಯನ್ನು ಗುರುತಿಸುವುದು, ಹೀಗೆ ಹಲವು ಬಗೆ. ಅಲ್ಲಿ ತಿಳಿದ ಒಂದು ಸಂಗತಿಯನ್ನು ನಾವು ಗಮನಿಸಲೇಬೇಕು. ಆಲ್‌ಜೈಮರ್ ಕಾಯಿಲೆಯ ಆರಂಭದಲ್ಲಿದ್ದವರು ನಾಣ್ಯ ಎಣಿಸುವಂಥ ಮೂಲ ಕೆಲಸವನ್ನು ಆರೋಗ್ಯವಂತರಷ್ಟೇ ಚೆನ್ನಾಗಿ ಮಾಡಿದರು. ಹಿಂದೆಬಿದ್ದದ್ದು ಉಳಿದ ಕೆಲಸಗಳಲ್ಲಿ. ಆದ್ದರಿಂದ "ಅಮ್ಮ ನೋಟುಗಳನ್ನು ಸರಿಯಾಗಿಯೇ ಎಣಿಸುತ್ತಾರೆ" ಎಂಬ ಸಮಾಧಾನ ಸಾಲದು.

ಆ ಪರೀಕ್ಷೆಯಲ್ಲಿ ಪರೀಕ್ಷಕರೂ ಹಿರಿಯರೂ ಎದುರುಬದುರು ಕುಳಿತಿರುತ್ತಾರೆ. ದೂರದಿಂದ ಕೇಳುವಾಗ ಆ ಅನುಕೂಲವಿಲ್ಲ. ಫೋನಿನಲ್ಲಿ ಮನಸ್ಸಿನ ಸ್ಥಿತಿ ತಿಳಿಯುವ ಪ್ರಶ್ನಾವಳಿ 1988ರಲ್ಲೇ ಬಂದಿತ್ತು. ಅದರಲ್ಲಿ ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು. ಹೆಚ್ಚು ಓದದ, ಆದರೆ ನಲವತ್ತು ವರ್ಷ ಅಂಗಡಿ ನಡೆಸಿದ ಅಜ್ಜ ಇದರಲ್ಲಿ ಮುಗ್ಗರಿಸಿದರೆ ಅವರಿಗೆ ಲೆಕ್ಕ ಬಾರದೆಂದು ಹೇಳಲಾದೀತೇ? ವಿಜ್ಞಾನ ಓದಿದವರಿಗೆ ಮೊದಲ ಪಾಠವೇ ಅಳತೆಗೋಲಿನ ದೋಷ. ಕಿವಿ ಮಂದವಾದವರು "ಹದಿನೈದು" ಎಂಬುದನ್ನು "ಐದು" ಎಂದು ಕೇಳಿಸಿಕೊಂಡರೆ ಅದು ಮರೆವಿನ ಲೆಕ್ಕಕ್ಕೆ ಸೇರಕೂಡದು. ಹೊಸ ಫೋನಿನಲ್ಲಿ ಹಣ ಕಳುಹಿಸಲು ಬಾರದಿರುವುದೂ ಹಾಗೆಯೇ. ಅದು ಹೊಸ ಯಂತ್ರದ ಪರಿಚಯವಿಲ್ಲದಿರುವುದು.

ವಿಡಿಯೋ ಕರೆಯ ವಿಷಯದಲ್ಲಿ ನನ್ನ ಕಸುಬಿನವರು ಒಂದು ಮಾತು ಹೇಳಬಹುದು. ಚೌಕಟ್ಟಿನೊಳಗೆ ಕಾಣುವುದಕ್ಕಿಂತ ಹೊರಗಿರುವುದು ಮುಖ್ಯ. ಪಕ್ಕದಲ್ಲಿ ಸೊಸೆ ಕುಳಿತು ಉತ್ತರ ಪಿಸುಗುಟ್ಟುತ್ತಿರಬಹುದು. ಅದಕ್ಕಿಂತ ಕೆಟ್ಟದ್ದು, ಆ ಹಣದ ಮೇಲೆಯೇ ಕಣ್ಣಿಟ್ಟವರು ಅಲ್ಲಿ ಕುಳಿತಿರಬಹುದು. ಒಂಟಿಯಾಗಿ ಮಾತನಾಡಲು ಐದು ನಿಮಿಷ ಕೇಳಿಕೊಳ್ಳಿ.

ಪರೀಕ್ಷೆಯಂತೆ ಕೇಳಬೇಡಿ, ಹಿರಿಯರಿಗೆ ಅವಮಾನವಾಗುತ್ತದೆ. "ಅಮ್ಮಾ, ಹೂವಿನವಳಿಗೆ ಈ ತಿಂಗಳು ಎಷ್ಟಾಯಿತು? 340 ಆದರೆ ಐನೂರರ ನೋಟಿಗೆ ಎಷ್ಟು ವಾಪಸು ಬಂತು?" ಎಂದರೆ ಅದು ಮನೆಯ ಮಾತು. ಪಿಂಚಣಿ ಬಂದ ದಿನ, ಅದರಲ್ಲಿ ಔಷಧಿಗೆ ಹೋದದ್ದು, ಪಾಸ್‌ಬುಕ್ಕಿನಲ್ಲಿ ಕೊನೆಯ ಸಾಲು, ಇವನ್ನು ಅವರೇ ಓದಿ ಹೇಳಲಿ. ಬ್ಯಾಂಕಿನವನೆಂದು ಹೇಳಿ ಯಾರಾದರೂ ಒಟಿಪಿ ಕೇಳಿದರೆ ಏನು ಮಾಡುವಿರೆಂದು ವಿಚಾರಿಸಿ. ಮೋಸ ನಡೆದೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹೋಲಿಸಬೇಕಾದ್ದು ನಿಮ್ಮ ಚುರುಕಿನೊಂದಿಗಲ್ಲ, ಕಳೆದ ವರ್ಷದ ಅವರದೇ ಚುರುಕಿನೊಂದಿಗೆ. ತಾರೀಖು ಹಾಕಿ ಬರೆದಿಟ್ಟುಕೊಳ್ಳಿ.

ತಪ್ಪುಗಳು ಮರುಕಳಿಸಿದರೆ ಎದುರುಬದುರು ವೈದ್ಯರಿಗೆ ತೋರಿಸಲೇಬೇಕು. ಥೈರಾಯ್ಡ್ ತೊಂದರೆಯಿಂದಲೋ ಬಿ12 ಕೊರತೆಯಿಂದಲೋ ಬಂದ ಮಂಕು ಚಿಕಿತ್ಸೆಯಿಂದ ತಗ್ಗಬಹುದು. ಖಾತೆಯ ಅಧಿಕಾರವನ್ನೋ ಆಸ್ತಿಯ ಸಹಿಯನ್ನೋ ಫೋನಿನ ಉತ್ತರಗಳ ಮೇಲೆ ತೀರ್ಮಾನಿಸಕೂಡದು. ಅಲ್ಲಿಯವರೆಗೆ, ದೊಡ್ಡ ಬಿಲ್ಲುಗಳು ಖಾತೆಯಿಂದ ತಾವಾಗಿಯೇ ಪಾವತಿಯಾಗುವಂತೆ ತಾಯಿಯವರ ಒಪ್ಪಿಗೆ ಪಡೆದು ಬ್ಯಾಂಕಿನಲ್ಲಿ ಏರ್ಪಾಡು ಮಾಡಿಸಬಹುದು. ಹಾಲು, ಹೂವು, ತರಕಾರಿಯ ಲೆಕ್ಕವೂ ಪಾಸ್‌ಬುಕ್ಕೂ ಅವರ ಕೈಯಲ್ಲೇ ಇರಲಿ.